ಅಮೃತಳ ಲಿಂಗದೀಕ್ಷೆ

ಕರಜಗಿಯ ಅಜ್ಜಿಯ ಮನೆಯಲ್ಲಿ ಗೋಧಿ ಹುಗ್ಗಿಯ ವಾಸನೆ ತುಂಬಿತ್ತು. ಆಳಂದದಿಂದ ಬಂದ ಸ್ವಾಮಿಗಳು ವಿಭೂತಿ, ಬಿಲ್ವಪತ್ರೆ, ಹೊಸ ಇಷ್ಟಲಿಂಗವನ್ನು ಮುಂದಿಟ್ಟುಕೊಂಡು ಕುಳಿತಿದ್ದರು. ಎಂಟು ವರ್ಷದ ಅಮೃತ ಮಣೆಯ ಮೇಲಿದ್ದಳು. ಒಂದು ಪಕ್ಕ ತಂದೆ ಅರುಣಕುಮಾರ, ತಾಯಿ ಕೂರಬೇಕಾದ ಜಾಗದಲ್ಲಿ ಸೋದರತ್ತೆ.

ಅರುಣಕುಮಾರನಿಗೂ ವಿದ್ಯಾವತಿಗೂ ವಿಚ್ಛೇದನವಾಗಿ ವರ್ಷವಾಗಿತ್ತು. ಮಗಳ ವಾಸ ಜೇವರ್ಗಿಯಲ್ಲಿ, ತಾಯಿಯ ಬಳಿ. ತಿಂಗಳಿಗೊಂದು ಶನಿವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಮಾತ್ರ ತಂದೆಯ ಜೊತೆ. ಉಳಿದ ದಿನ ಅವನು ಅಫಜಲಪುರದಲ್ಲಿ ಬೀಜದ ಅಂಗಡಿ ಮುಚ್ಚಿ, ಖಾನಾವಳಿಯಲ್ಲಿ ಉಂಡು, ಬೀಗ ಹಾಕಿದ ಮನೆಗೆ ಮರಳುತ್ತಿದ್ದ. ಸಿಕ್ಕ ಆ ಒಂದು ದಿನವಾದರೂ ಮಗಳು ಪೂರ್ತಿ ತನ್ನವಳೆಂದು ಅವನು ನಂಬಿದ್ದ.

"ಅತ್ತಿ ಕೂತ್ರೂ ನಡೀತದ," ಎಂದರು ಸ್ವಾಮಿಗಳು. "ತಾಯಿಗಿ ಗೊತ್ತದ ಇಲ್ಲೋ?"

ಅರುಣಕುಮಾರ ಉತ್ತರಿಸುವ ಮೊದಲೇ ಅಮೃತ ಹೇಳಿದಳು: "ಅವ್ವಗ ಹೇಳಬ್ಯಾಡ ಅಂತ ಆಯಿ ಹೇಳ್ಯಾಳ."

ಅಜ್ಜಿ ಸುಂದರಬಾಯಿ ಸೆರಗು ಸರಿಪಡಿಸಿಕೊಂಡಳು. ಅರುಣಕುಮಾರ ಎದ್ದು ಅಂಗಳಕ್ಕೆ ಹೋಗಿ ತನ್ನ ವಕೀಲ ಪರಮೇಶರಿಗೆ ಫೋನ್ ಹಚ್ಚಿ, ಮಗಳು ತನ್ನ ಹತ್ತಿರವಿರುವ ದಿನ ತಾನೊಬ್ಬನೇ ದೀಕ್ಷೆ ಕೊಡಿಸಬಹುದೇ ಎಂದು ಕೇಳಿದ.

"ಮಗು ಯಾರ ಮನ್ಯಾಗ ಇರಬೇಕು ಅನ್ನೂದು ಬ್ಯಾರೆ, ಅದರ ಬಗ್ಗೆ ಯಾರು ನಿರ್ಧಾರ ಮಾಡಬೇಕು ಅನ್ನೂದು ಬ್ಯಾರೆ," ಎಂದರು ವಕೀಲರು. "ಸಾಲಿ, ದವಾಖಾನಿ, ಧರ್ಮ, ಇವೆಲ್ಲಾ ಇಬ್ರೂ ಕೂಡಿ ಅಂತ ಕೋರ್ಟಿನ ಆದೇಶದಾಗ ಅದ. ನೀವೇ ಜಿದ್ದು ಮಾಡಿ ಬರೆಸಿದ್ರಿ."

"ಆಕಿ ಒಬ್ಬಾಕಿನೇ ಏನೂ ಮಾಡಬಾರದು ಅಂತ ಬರೆಸಿದ್ದೆರಿ."

"ಹಂಗಾದ್ರ ನೀವೂ ಒಬ್ರೇ ಮಾಡಂಗಿಲ್ಲ. ಆಕಿ ಕೋರ್ಟಿಗಿ ಹೋದ್ರ, ಮಗು ರಾತ್ರಿ ನಿಮ್ಮ ಹತ್ರ ಉಳಿಯೂದೂ ಹೋದೀತು."

ಮುಚ್ಚಿಟ್ಟು ಮುಗಿಸಬಹುದಿತ್ತು. ಆದರೆ ಆ ಗುಟ್ಟನ್ನು ಹೊರಬೇಕಾದವಳು ಅಮೃತ. ಅವನು ವಿದ್ಯಾವತಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ.

ಅವಳೆಂದಳು: "ದೀಕ್ಷಾ ಬ್ಯಾಡ ಅಂದಿದ್ದೆ ಏನ್ರಿ ನಾ? ನನಗೂ ಆಕಿ ಬಾಜೂಕ ಕೂಡಬೇಕಿತ್ತು. ಪರೀಕ್ಷಾ ಮುಗೀಲಿ, ಇಲ್ಲೇ ಮಾಡೂಣು. ನೀವೂ ಬರ್ರಿ."

ಸ್ವಂತ ಮಗಳ ದೀಕ್ಷೆಗೆ ಆಮಂತ್ರಣ. "ಬರ್ತೇನಿ," ಎಂದ.

ಒಳಗೆ ಬಂದು, ದೀಕ್ಷೆ ಪರೀಕ್ಷೆಯ ನಂತರ ತಾಯಿಯ ಜೊತೆಗೇ ಎಂದು ತಿಳಿಸಿ ಸ್ವಾಮಿಗಳಿಗೆ ಕೈ ಮುಗಿದ. ಅವರು ಲಿಂಗವನ್ನು ವಸ್ತ್ರದಲ್ಲಿ ಸುತ್ತಿದರು. ಸುಂದರಬಾಯಿ ಸಿಡಿದಳು: "ಬಿಟ್ಟ ಹೆಂಡ್ತಿನ್ನ ಕೇಳಿ ಮಾಡ್ತಾನ, ನೋಡ್ರಿ ನನ್ನ ಮಗ!"

"ಹೆಂಡ್ತಿ ಅಲ್ಲ ಯವ್ವಾ. ತಾಯಿ ಹೌದಲ್ಲ?"

ನೆಂಟರು ತಲೆ ತಗ್ಗಿಸಿ ಹುಗ್ಗಿ ಉಂಡು ಹೋದರು.

ಸಂಜೆ ಜೇವರ್ಗಿಯಲ್ಲಿ ಬಸ್ಸಿಳಿದ ಕೂಡಲೇ ಅಮೃತ ತಾಯಿಯತ್ತ ಓಡಿದಳು; ನಡೆದದ್ದೆಲ್ಲವನ್ನೂ ಒಂದೇ ಉಸಿರಿಗೆ ಹೇಳತೊಡಗಿದಳು. ಮುಚ್ಚಿಡುವಂಥದ್ದೇನೂ ಉಳಿದಿರಲಿಲ್ಲ. ಹಿಂತಿರುಗಿ ಕೈ ಬೀಸುವುದು ಅವಳಿಗೆ ನೆನಪಾಗಲಿಲ್ಲ. ಅರುಣಕುಮಾರ ಅಫಜಲಪುರದ ಬಸ್ಸು ಹತ್ತಿ, ಪಕ್ಕದ ಖಾಲಿ ಸೀಟಿನ ಮೇಲೆ ಚೀಲ ಇಟ್ಟುಕೊಂಡ.