ಎಂಟು ಮಾತ್ರೆ, ತೊಂಬತ್ತೆರಡು ಮೆಟ್ಟಿಲು

ನನ್ನ ಗಂಡ ಗಡಿಯಾರ ರಿಪೇರಿಯವರು. ಅಂಗಡಿ ನೆಲಮಾಳಿಗೆಯಲ್ಲಿ. ಬೆಳಿಗ್ಗೆ ಕತ್ತಲಿರುವಾಗಲೇ ಇಳಿದರೆ ಮೇಲೆ ಬರುವುದು ಸಂಜೆ ದೀಪ ಹಚ್ಚಿದ ಮೇಲೆಯೇ. ಮೂವತ್ತು ವರ್ಷದಿಂದ ಅವರಿಗೂ ಸೂರ್ಯನಿಗೂ ಮಾತುಕತೆ ಇಲ್ಲ. ವಾರಕ್ಕೊಮ್ಮೆ ಮಾತ್ರ, ಅದೂ ನಸುಕಿನಲ್ಲಿ, ಪೇಟೆಯ ಗೋಪುರದ ಗಡಿಯಾರಕ್ಕೆ ಕೀ ಕೊಡಲು ತೊಂಬತ್ತೆರಡು ಮೆಟ್ಟಿಲು ಹತ್ತುತ್ತಾರೆ. ಆ ಗಡಿಯಾರವೆಂದರೆ ಅವರಿಗೆ ಪ್ರಾಣ, ನನಗಿಂತ ಒಂದು ಕೈ ಹೆಚ್ಚೇ.

ಈ ವರ್ಷ ತೊಡೆ ನೋವು ಶುರುವಾಯಿತು. ನಲವತ್ತನೇ ಮೆಟ್ಟಿಲಿಗೇ ಕುಳಿತುಬಿಡುತ್ತಿದ್ದರು. ಪುರಸಭೆಯ ಗುಮಾಸ್ತರು ನಯವಾಗಿಯೇ ಹೇಳಿದರು: "ಎರಡು ತಿಂಗಳು ನೋಡೋಣ. ಆಗಲ್ಲ ಅಂದ್ರೆ ಕೀ ವಾಪಸ್ ಕೊಡಿ, ಕರೆಂಟಿನ ಗಡಿಯಾರ ಹಾಕಿಸ್ತೀವಿ." ಅವತ್ತು ಇವರು ಊಟಕ್ಕೆ ಕುಳಿತವರು ಅರ್ಧಕ್ಕೇ ಕೈ ತೊಳೆದು ಎದ್ದರು. ನನಗೆ ಅಳು ಬಂತು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. "ವಿಟಮಿನ್ ಡಿ ತಳ ಮುಟ್ಟಿದೆ. ವಾರಕ್ಕೆ ಒಂದೇ ಮಾತ್ರೆ, ಎಂಟು ವಾರ. ಆಮೇಲೆ ಮತ್ತೆ ಪರೀಕ್ಷೆ."

"ನಾನೂ ಒಂದು ನುಂಗಲಾ?" ಎಂದೆ. ಒಳ್ಳೆಯದು ಕಂಡರೆ ಬಿಡುವವಳಲ್ಲ ನಾನು.

"ಪರೀಕ್ಷೆ ಮಾಡಿಸದೆ ಬೇಡಮ್ಮ. ಮಾಮೂಲಿಯಾಗಿ ದಿನಕ್ಕೆ ಆರುನೂರು ಯೂನಿಟ್ ಸಾಕು, ಎಪ್ಪತ್ತು ದಾಟಿದವರಿಗೆ ಎಂಟುನೂರು. ಈ ಒಂದು ಮಾತ್ರೇಲೇ ಅರವತ್ತು ಸಾವಿರ ಇದೆ. ಹೆಚ್ಚಾದ್ರೆ ಮೈಯಲ್ಲೇ ಉಳ್ಕೊಂಡು ಕಿಡ್ನಿಗೆ ಕುತ್ತು. ಅತಿಯಾದ್ರೆ ಅಮೃತನೂ ವಿಷ."

ನಾಲ್ಕನೇ ದಿನ ಮಾತ್ರೆ ಡಬ್ಬಿ ತೆರೆದರೆ ಖಾಲಿ! ನೆಲಮಾಳಿಗೆಗೆ ಓಡಿದೆ.

"ರೀ, ಎಂಟೂ ನುಂಗಿಬಿಟ್ರಾ?"

"ಒಂದೇ ಕಣೇ," ಎಂದರು ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆಯದೆ. "ಉಳಿದದ್ದು ಗಡಿಯಾರದಲ್ಲಿದೆ."

ರಿಪೇರಿಗೆ ಬಂದ ಏಳು ಗೋಡೆ ಗಡಿಯಾರಗಳನ್ನು ಭಾನುವಾರಕ್ಕೊಂದರಂತೆ ಮರಳಿಸಬೇಕಿತ್ತು. ವಾರದ ಲೆಕ್ಕ ತಪ್ಪದಿರಲೆಂದು ಒಂದೊಂದರ ಹೊಟ್ಟೆಯಲ್ಲೂ ಒಂದೊಂದು ಮಾತ್ರೆ ಇಟ್ಟಿದ್ದರು. ಗಡಿಯಾರ ಕೊಡುವಾಗ ಮಾತ್ರೆ ನುಂಗುವುದು. ಇಂಥ ಬುದ್ಧಿ ಇನ್ಯಾರಿಗೆ ಬರಬೇಕು! ಗೋಡೆಯತ್ತ ನೋಡಿ ಎಣಿಸಿದೆ. ಐದೇ ಇದ್ದವು.

ಅವರು ಮಸೂರ ಕಳಚಿಟ್ಟರು. "ನಿನ್ನೆ ಟೀಚರಮ್ಮ, ಕ್ಷೌರದಂಗಡಿಯವರು ಬೇಗ ಬಂದು ತಗೊಂಡು ಹೋದ್ರು. ಮಾತ್ರೆ ತೆಗೆಯೋದು ಮರೆತೇ ಹೋಯ್ತು."

ಟೀಚರಮ್ಮನ ಮೊಮ್ಮಗಳು ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನವಳು. ಇವರ ಕೈ ಹಿಡಿದು ಎಳೆದುಕೊಂಡೇ ಹೊರಟೆ. ಟೀಚರಮ್ಮನ ಗಡಿಯಾರದಲ್ಲಿ ಮಾತ್ರೆ ಇಟ್ಟಲ್ಲೇ ಇತ್ತು. ಟೀಚರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕ್ಷೌರದಂಗಡಿಯವರು ತಮಗೆ ಸಿಕ್ಕಿದ್ದನ್ನು ಕನ್ನಡಿಯ ಮುಂದೆ ಜೋಪಾನವಾಗಿ ಇಟ್ಟಿದ್ದರು. "ಇದ್ಯಾವ ಸ್ಪೇರ್ ಪಾರ್ಟು ಅಂತ ನಾನೂ ಯೋಚಿಸ್ತಾನೇ ಇದ್ದೆ," ಎಂದರು.

ವಾಪಸ್ ಬರುವಾಗ ಇವರು ನಡುಬೀದಿಯಲ್ಲಿ ನಿಂತರು. ಅಂಗಿಯ ತೋಳು ಮಡಚಿ ಬಿಸಿಲಿಗೆ ಕೈ ಚಾಚಿದರು.

"ಲೇ, ಹಗಲು ಇಷ್ಟು ಚೆನ್ನಾಗಿರುತ್ತಾ?"

"ಮೂವತ್ತು ವರ್ಷದಿಂದ ಹೀಗೇ ಇದೆ," ಎಂದೆ.

ಅಂದಿನಿಂದ ದಿನವೂ ಹನ್ನೊಂದಕ್ಕೆ ಅಂಗಡಿಗೆ ನಾನೇ ಬೀಗ ಹಾಕಿ ಇವರನ್ನು ಬಿಸಿಲಲ್ಲಿ ಅರ್ಧ ಗಂಟೆ ನಡೆಸಿದೆ. ಮಾತ್ರೆಗಳನ್ನು ನನ್ನ ಹತ್ತಿರವೇ ಇಟ್ಟುಕೊಂಡೆ.

ಒಂಬತ್ತನೇ ವಾರ ಎರಡನೇ ರಿಪೋರ್ಟು ಚೆನ್ನಾಗಿ ಬಂತು. ಗುಮಾಸ್ತರು ಖುದ್ದಾಗಿ ಗೋಪುರದ ಬುಡಕ್ಕೆ ಬಂದು ನಿಂತರು. ಇವರು ಮುಂದೆ, ಬಿದ್ದರೆ ಹಿಡಿಯಲು ನಾನು ಹಿಂದೆ. ನಲವತ್ತನೇ ಮೆಟ್ಟಿಲು ಬಂತು, ಹೋಯಿತು. ಐವತ್ತೆರಡಕ್ಕೆ ನಾನು ಕುಸಿದು ಕುಳಿತೆ. ಮೇಲಿಂದ ಕರಕರ ಎಂದು ಕೀ ತಿರುಗುವ ಸದ್ದು ಕೇಳಿಸಿತು. ಸಂತೋಷಕ್ಕೆ ಕಣ್ಣು ತುಂಬಿ ಬಂತು.

"ಯಾರೋ ಕೂತಂಗಿದೆ?" ಕೆಳಗಿಂದ ಕತ್ತೆತ್ತಿ ನೋಡಿ ಗುಮಾಸ್ತರು ಕೂಗಿದರು.

"ನಾನಲ್ಲ ಸ್ವಾಮಿ, ನಮ್ಮನೆಯವಳು!" ಮೇಲಿಂದ ಇವರು. "ಕೀ ನನ್ನ ಹತ್ರಾನೇ ಇರುತ್ತೆ!" ಆಮೇಲೆ ಇಣುಕಿ ನನಗೆಂದರು: "ನಾಳೆ ನಿನ್ನ ರಕ್ತ ಪರೀಕ್ಷೆ ಮಾಡಿಸೋಣ ಕಣೇ. ಅಲ್ಲೀವರೆಗೆ ಮಾತ್ರೆ ಗೀತ್ರೆ ಮುಟ್ಟಬೇಡ."

ತಿರುಗಿ ಒಂದು ಮಾತು ಆಡಲು ನನ್ನಲ್ಲಿ ಉಸಿರಿರಲಿಲ್ಲ. ಮದುವೆಯಾದ ಮೇಲೆ ಅವರು ಗೆದ್ದ ಮೊದಲ ಜಗಳ ಅದು.