ದಾನವ್ವ ಲೋಕಲ್ ಹೊತ್ತದ್ದು

ಇದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿದ್ದರೆ, ಹೇಳುವವನಿಗೆ ಈ ಜನ್ಮದಲ್ಲಿ ಲೋಕಲ್‌ನಲ್ಲಿ ಕಿಟಕಿ ಸೀಟು ಸಿಗದಿರಲಿ. ಸಿಕ್ಕರೂ ಬಿಸಿಲು ಹೊಡೆಯುವ ಕಡೆಯದೇ ಸಿಗಲಿ. ಮುಂಬೈಯವನಿಗೆ ಇದಕ್ಕಿಂತ ದೊಡ್ಡ ಆಣೆ ಯಾವುದಿದೆ? ಆದ್ದರಿಂದ ನಡುವೆ ಯಾರೂ 'ಹೌದಾ?' ಅಂತ ಬಾಯಿ ಹಾಕಬಾರದು.

ಬೈಕುಲ್ಲಾದಲ್ಲಿ ಒಂದು ಕಾನ್ವೆಂಟ್ ಶಾಲೆ. ಅದರ ಏಳನೇ ಕ್ಲಾಸಿನಲ್ಲಿ ಶಿವಕುಮಾರಿ ಅಂತ ಒಬ್ಬ ಹುಡುಗಿ. ಅಪ್ಪ ಶರಣಬಸಪ್ಪ ಕಲಬುರಗಿ ಕಡೆಯ ಗೌಂಡಿ. ಅಜ್ಜಿ ದಾನವ್ವ ಈ ಊರಿನ ಅರ್ಧ ಬಿಲ್ಡಿಂಗುಗಳಿಗೆ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತವಳು. ಉಳಿದರ್ಧಕ್ಕೂ ತಾನೇ ಹೊತ್ತದ್ದು ಅಂತ ಅವಳ ವಾದ. ಮೂವರ ಸಂಸಾರ ಸಯನ್‌ನ ಒಂದು ಚಾಳಿನಲ್ಲಿ. ಹುಡುಗಿಗೆ ಬಣ್ಣ ಅಪ್ಪನದು, ಬಾಯಿ ಅಜ್ಜಿಯದು.

ಆ ಶಾಲೆಯಲ್ಲಿ ಧರ್ಮದ ಪೀರಿಯಡ್ ಬಂದರೆ ಕ್ಯಾಥಲಿಕ್ ಮಕ್ಕಳು ಒಂದು ಕೋಣೆಗೆ, ಉಳಿದವರು ಮಾರಲ್ ಸೈನ್ಸ್ ಅಂತ ಪಕ್ಕದ ಕೋಣೆಗೆ ಹೋಗುವುದು ಪದ್ಧತಿ. ಆ ವರ್ಷ ಪಕ್ಕದ ಕೋಣೆಯ ಛಾವಣಿ ಸೋರುತ್ತಿತ್ತು. ಎಷ್ಟು ಅಂದರೆ, ಕೆಳಗೆ ಬಿದ್ದ ಪೆನ್ಸಿಲ್ ಹುಡುಕಲು ಬಲೆ ಹಾಕಬೇಕಿತ್ತು, ಬಲೆಗೆ ಪೆನ್ಸಿಲ್ ಜೊತೆ ನಾಲ್ಕು ಬೊಂಬಿಲ್ ಮೀನೂ ಬರುತ್ತಿದ್ದವು. ಹಾಗಾಗಿ ಎಲ್ಲ ಮಕ್ಕಳೂ ಒಟ್ಟಿಗೆ ಸಿಸ್ಟರ್ ಸೆರಾಫಿನ್ ಎದುರು ಕೂತರು. ಸಿಸ್ಟರ್ ಮಂಗಳೂರಿನ ಕಡೆಯವರು. ಅವರು ಒಮ್ಮೆ ತಲೆ ಎತ್ತಿ ನೋಡಿದರೆ ಫ್ಯಾನು ಕೂಡ ಸದ್ದು ಮಾಡದೆ ತಿರುಗುತ್ತಿತ್ತು.

ಸೋಮವಾರ ಸಿಸ್ಟರ್ ಕಲಿಸಿದ್ದು, ಸುಳ್ಳು ಸಾಕ್ಷಿ ಹೇಳಬಾರದು ಎಂಬ ದೇವರ ಕಟ್ಟಳೆ. ಮಂಗಳವಾರ ಅದೇ ಬೆಂಚುಗಳ ಮುಂದೆ ಇಂಗ್ಲಿಷಿನ ಸೇವಂತಿ ಟೀಚರ್ ಬಂದು ನಿಂತರು. "ಮಕ್ಕಳೇ, ಈ ವಾರ ಟಾಲ್ ಟೇಲ್. ಬಡಾಯಿ ಕಥೆ. ಎಷ್ಟು ದೊಡ್ಡದು ಬಿಡ್ತೀರೋ ಅಷ್ಟು ಮಾರ್ಕ್ಸ್. ಎಲ್ಲಕ್ಕಿಂತ ಚೆಂದದ್ದನ್ನು ಪೇರೆಂಟ್ಸ್ ಡೇ ದಿನ ಸ್ಟೇಜಿನಲ್ಲಿ ಹೇಳಿಸ್ತೇನೆ," ಎಂದರು.

ಶಿವಕುಮಾರಿಗೆ ಇದು ಊಟಕ್ಕೆ ಕರೆದ ಹಾಗಾಯಿತು. ಬರೆದಳು. ಒಂದು ದಿನ ಹಳಿಯ ಮೇಲೆ ನೀರು ನಿಂತು ಲೋಕಲ್ ಸಯನ್ ಸ್ಟೇಷನ್ನಿನಲ್ಲೇ ನಿಂತುಬಿಟ್ಟಿತು. ಅಜ್ಜಿ ದಾನವ್ವನಿಗೆ ಕೆಲಸಕ್ಕೆ ಹೊತ್ತಾಗಿತ್ತು. ಸೆರಗು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟಳು, ಇಡೀ ಗಾಡಿ ಎತ್ತಿಕೊಂಡಳು, ದಾದರ್ ತನಕ ಹೊತ್ತು ನಡೆದಳು. ಒಳಗೆ ಇಸ್ಪೀಟು ಆಡುತ್ತಿದ್ದವರ ಒಂದು ಎಲೆಯೂ ಅಲ್ಲಾಡಲಿಲ್ಲ. ದಾದರಿನಲ್ಲಿ ಇಳಿಸಿದ ಕೂಡಲೇ ಟಿ.ಸಿ. ಬಂದು ಕೇಳಿದ: "ಲಗೇಜಿಗೆ ಟಿಕೆಟ್ ಎಲ್ಲಿ?"

ಸೇವಂತಿ ಟೀಚರ್ ನಕ್ಕ ರಭಸಕ್ಕೆ ಕೈಯಲ್ಲಿದ್ದ ಚಾಕ್‌ಪೀಸ್ ಪುಡಿಯಾಯಿತು. ಸ್ಟೇಜಿಗೆ ಶಿವಕುಮಾರಿಯೇ ಎಂದು ತೀರ್ಮಾನವಾಯಿತು. ಸುದ್ದಿ ಸಿಸ್ಟರ್ ಸೆರಾಫಿನ್‌ಗೂ ಮುಟ್ಟಿತು. ಕರೆಸಿದರು.

"ಇದೆಂತದು ಶಿವಕುಮಾರಿ? ನಿನ್ನೆ ಮೊನ್ನೆ ಕಲಿಸಿದ್ದು ಇಷ್ಟು ಬೇಗ ಮರ್ತುಹೋಯ್ತಾ?"

"ಇದು ಕತಿ ರೀ ಸಿಸ್ಟರ್."

"ಕಥೆಯಾದ್ರೆ ಒಂದು ಊರು, ಒಬ್ಬಳು ಹೆಂಗಸು ಅಂತ ಹೇಳ್ಬೇಕು. ಇಲ್ಲಿ ಸಯನ್ ಸ್ಟೇಷನ್ ಉಂಟು, ನಿನ್ನ ಸ್ವಂತ ಅಜ್ಜಿಯ ಹೆಸರು ಉಂಟು. ಇದು ಸುಳ್ಳು ಸಾಕ್ಷಿ. ಸ್ಟೇಜಿಗೆ ಹೋಗ್ಬೇಕಾದ್ರೆ 'ನಾನು ಹೇಳುವುದೆಲ್ಲ ಸುಳ್ಳು' ಅಂತ ಮೊದಲು ಹೇಳ್ಬೇಕು. ಆಮೇಲೆ ಕಥೆ."

"ಅಜ್ಜಿ ಎದುರಿಗೇ ಕುಂತಿರ್ತಾಳ್ರಿ! ಆಕಿ ಮಾರಿ ನೋಡ್ಕೋತ ಆಕಿದು ಸುಳ್ಳ ಅಂತ ಹೆಂಗ ಅನ್ಲಿ? ನಾ ಅನ್ನಂಗಿಲ್ರಿ."

"ಹಾಗಾದ್ರೆ ಸ್ಟೇಜಿಗೂ ಹೋಗ್ಲಿಕ್ಕಿಲ್ಲ."

ಶಿವಕುಮಾರಿ ಅಳಲಿಲ್ಲ. ಮೂಗಿನ ಹೊಳ್ಳೆ ಮಾತ್ರ ದೊಡ್ಡದಾಯಿತು. ಮನೆಗೆ ಹೋದರೆ ಅಲ್ಲಿ ಇನ್ನೊಂದು ಫಜೀತಿ. ಈ ಊರಿಗೆ ಬಂದಾಗಿನಿಂದ ಶಾಲೆಯ ಗೋಡೆ ಕಟ್ಟಲು ಕಲ್ಲು ಹೊತ್ತದ್ದುಂಟೇ ಹೊರತು ದಾನವ್ವ ಶಾಲೆಯೊಳಗೆ ಕುರ್ಚಿಯ ಮೇಲೆ ಕೂತವಳಲ್ಲ. ಈಗ ನಳದ ಹತ್ತಿರ ಕೊಡ ಇಟ್ಟು ಎಲ್ಲರಿಗೂ ಹೇಳುತ್ತಿದ್ದಳು: "ಸಾಲಿ ಸ್ಟೇಜಿನ್ಯಾಗ ನನ್ನ ಹೆಸರ ಬರತೈತಿ. ನೀವೂ ಬರ್ರಿ. ಚಪ್ಪಾಳಿ ಜೋರ್ ಹೊಡೀಬೇಕ ಮತ್ತ!" ಅರ್ಧ ಚಾಳು ಹೊರಟು ನಿಂತಿತ್ತು. ಸ್ಟೇಜ್ ಇಲ್ಲ ಅಂತ ಹೇಳುವುದು ಬಿಟ್ಟು ಹುಡುಗಿ ಅಜ್ಜಿಯ ಕೊಡ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಶುಕ್ರವಾರ. ಕ್ಯಾಥಲಿಕ್ ಮಕ್ಕಳು ತಮ್ಮ ತಪ್ಪು ಒಪ್ಪಿಕೊಳ್ಳುವ ಕನ್ಫೆಶನ್‌ಗೆ ಚಾಪೆಲ್ಲಿನಲ್ಲಿ ಸಾಲಾಗಿ ನಿಂತಿದ್ದರು. ಶಿವಕುಮಾರಿ ಬಾಗಿಲಿನಿಂದ ಇಣುಕಿದಳು. ಒಂದು ಕಟ್ಟಿಗೆಯ ಪೆಟ್ಟಿಗೆ, ಅದಕ್ಕೊಂದು ಜಾಲರಿಯ ಕಿಟಕಿ, ಒಳಗೆ ಒಬ್ಬ ಕೂತ ಮನುಷ್ಯ, ಹೊರಗೆ ಕ್ಯೂ. ಅವಳಿಗೆ ಗೊತ್ತಿದ್ದಂತೆ ಇದಕ್ಕೆ ಒಂದೇ ಅರ್ಥ. ಚಾಳಿನ ನಳದಲ್ಲಿ ನೀರು ಬರದಿದ್ದಾಗ ದಾನವ್ವ ಅವಳನ್ನು ಕರೆದುಕೊಂಡು ಹೋಗಿ ನಿಲ್ಲುತ್ತಿದ್ದದ್ದು ವಾರ್ಡ್ ಆಫೀಸಿನ ಇಂಥದೇ ಕಿಟಕಿಯ ಮುಂದೆ: ಕಂಪ್ಲೇಂಟ್ ಕೊಡುವ ಜಾಗ.

ಕ್ಯೂನಲ್ಲಿದ್ದ ಗೆಳತಿ ನಿಖಿತಾ ಲೋಬೊಳ ಹಿಂದೆ ಹೋಗಿ ನಿಂತಳು. "ಒಳಗ ಏನ್ ಮಾಡ್ತಾರಲೇ?"

"ಫಾದರ್ ಕೇಳ್ತಾರೆ, ನಾವು ಹೇಳ್ತೇವೆ. ಅವರು ಯಾರಿಗೂ ಬಾಯಿ ಬಿಡುದಿಲ್ಲ."

"ಅರ್ಜಿ ಬರಿಯೂದು ಬ್ಯಾಡ?"

"ಎಂತ ಅರ್ಜಿ ಮಾರಾಯ್ತಿ? ಶ್ಶ್!"

ವಾರ್ಡ್ ಆಫೀಸಿಗಿಂತ ಇದೇ ವಾಸಿ ಅನ್ನಿಸಿತು ಶಿವಕುಮಾರಿಗೆ. ಸರದಿ ಬಂದಾಗ ಒಳಗೆ ಹೋಗಿ ಜಾಲರಿಗೆ ಬಾಯಿ ಹಚ್ಚಿದಳು. ಆ ಕಡೆಯಿಂದ ಮುದಿ ದನಿ ಕೇಳಿತು. "ಯೆಸ್ ಚೈಲ್ಡ್, ವಾಟ್ ಹ್ಯಾಪನ್ಡ್?"

"ಭಾಳ ದೊಡ್ಡ ತಪ್ಪ ಆಗೇತ್ರಿ ಫಾದರ್. ಹೆಸರ ಸಿಸ್ಟರ್ ಸೆರಾಫಿನ್. ಸೆಕೆಂಡ್ ಫ್ಲೋರ್."

ಫಾದರ್ ಅಚ್ಚ ಕರಾವಳಿ ಕನ್ನಡಕ್ಕೆ ಇಳಿದರು. "ಮಗಾ, ಇಲ್ಲಿ ಹೇಳ್ಬೇಕಾದ್ದು ನಿನ್ನ ತಪ್ಪು."

"ನಂದೇನೂ ಇಲ್ರಿ. ಎಲ್ಲಾ ಅವರದ."

ಫಾದರ್‌ಗೆ ನಗು ಬಂತು. ತಡೆದರು, ತಡೆಯಲಾಗಲಿಲ್ಲ. ಪೆಟ್ಟಿಗೆ ಗಡಗಡ ನಡುಗಿತು, ಕಿಟಕಿ ಗಾಜುಗಳು ಟಣಟಣ ಅಂದವು, ಮೇಣದ ಬತ್ತಿಗಳು ಆರಿದವು. ಹೊರಗಿದ್ದ ನಿಖಿತಾ, ಶಿವಕುಮಾರಿಯ ಪಾಪದ ಭಾರಕ್ಕೆ ಪೆಟ್ಟಿಗೆ ಮುರಿಯುತ್ತಿದೆ ಎಂದು ಎರಡು ಹೆಜ್ಜೆ ಹಿಂದೆ ಸರಿದಳು.

"ನೀನು ಕ್ಯಾಥಲಿಕ್ ಅಲ್ಲ ಅಲ್ವಾ?"

"ಅಲ್ರಿ. ಕಂಪ್ಲೇಂಟಿಗೆ ಅದೂ ಬೇಕೇನ್ರಿ?"

"ಬೇಡ, ಬೇಡ. ಬಂದದ್ದಾಯ್ತು, ಹೇಳು."

ಅವಳು ಎಲ್ಲ ಹೇಳಿದಳು. ಕೊನೆಗೆ ಕೇಳಿದಳು: "ಬೈಬಲ್ಲಿನ್ಯಾಗಿನ ಸೂಜಿ ಕಣ್ಣಾಗ ಒಂಟಿ ತೂರೂ ಮಾತು ಸಿಸ್ಟರೇ ಕಲಿಸ್ಯಾರ್ರಿ. ಕಣ್ಣಾಗ ತೊಲಿ ಹೊಕ್ಕಾಂವ ಮಂದಿ ಕಣ್ಣಾಗಿನ ಕಸ ನೋಡೂದು, ಅದೂ ಅವರೇ ಕಲಿಸ್ಯಾರ. ತೊಲಿ ಹೊಕ್ಕರ ಕಣ್ಣ ಉಳಿತೈತೇನ್ರಿ? ಅದೆಲ್ಲಾ ನಡೀತೈತಿ, ನಮ್ಮಜ್ಜಿ ಒಂದ್ ಲೋಕಲ್ ಹೊತ್ರ ನಡಿಯಂಗಿಲ್ಲ?"

"ಕೇಳಿದವರಿಗೆ ಅದು ತೊಲೆಯ ವಿಚಾರ ಅಲ್ಲ ಅಂತ ಗೊತ್ತಾಗ್ತದೆ ಮಗಾ."

"ನಮ್ಮಜ್ಜಿದೂ ಹಂಗೇ ಗೊತ್ತಾಗತೈತ್ರಿ. ಇಷ್ಟ ಸಿಸ್ಟರಿಗೆ ಹೇಳ್ರಿ."

"ಅದೇ ಕಷ್ಟ. ಈ ಪೆಟ್ಟಿಗೆಯಲ್ಲಿ ಕೇಳಿದ್ದನ್ನು ನಾನು ಹೊರಗೆ ಹೇಳ್ಲಿಕ್ಕಿಲ್ಲ."

"ಮತ್ತ ಇದು ಎಂಥಾ ಆಫೀಸ್ ರೀ!"

"ನಿಂಗೆ ಬಾಯಿ ಉಂಟಲ್ಲ? ನೀನೇ ಹೇಳು, ಹಿಂದಿನ ಬೆಂಚಿಗೂ ಕೇಳುವ ಹಾಗೆ. ಸಿಸ್ಟರ್ ಮೇಲೆ ಚಾಡಿ ಹೇಳಿದ್ದಕ್ಕೆ ಅದೇ ನಿನ್ನ ಪ್ರಾಯಶ್ಚಿತ್ತ."

ಪೇರೆಂಟ್ಸ್ ಡೇ ಬಂತು. ಹಾಲ್ ತುಂಬಿತ್ತು. ಮೂರನೇ ಸಾಲಿನಲ್ಲಿ ದಾನವ್ವ, ಸುತ್ತ ಅರ್ಧ ಚಾಳು. ಮುಂದಿನ ಸಾಲಿನಲ್ಲಿ ಫಾದರ್. ಸಿಸ್ಟರ್ ಬೇಡ ಅಂದದ್ದು ಗೊತ್ತಿಲ್ಲದ ಸೇವಂತಿ ಟೀಚರ್ ಶಿವಕುಮಾರಿಯ ಹೆಸರು ಕೂಗಿದರು. ಸ್ಟೇಜಿನ ಮೆಟ್ಟಿಲಲ್ಲಿ ಸಿಸ್ಟರ್ ಸೆರಾಫಿನ್ ಅಡ್ಡ ನಿಂತಿದ್ದರು.

"ಮೊದಲನೇ ವಾಕ್ಯ ನೆನಪುಂಟಾ?"

"ನೆನಪೈತ್ರಿ. ಅನ್ನಂಗಿಲ್ಲ," ಎಂದವಳೇ ಸಿಸ್ಟರ್ ತೋಳಿನ ಕೆಳಗೆ ನುಸುಳಿ ಮೇಲೆ ಹತ್ತಿದಳು.

ಸಿಸ್ಟರ್ ಕಣ್ಸನ್ನೆ ಮಾಡಿದರು. ಪ್ಯೂನ್ ಪೂವಪ್ಪ ಮೈಕ್ ಬಂದ್ ಮಾಡಿದ. ಶಿವಕುಮಾರಿ ಸತ್ತ ಮೈಕನ್ನು ಪಕ್ಕಕ್ಕೆ ಸರಿಸಿ ಸೊಂಟಕ್ಕೆ ಕೈ ಇಟ್ಟಳು. ಇಂಗ್ಲಿಷ್ ಬಿಟ್ಟು ಅಜ್ಜಿಯ ಭಾಷೆಗೇ ಇಳಿದಳು.

"ಇದು ಸುಳ್ಳ ಅಂತ ಹೇಳಿ ಸುರು ಮಾಡು ಅಂದಾರ. ನಾ ಹೇಳಂಗಿಲ್ಲ! ಸುಳ್ಳ ಅನ್ನಾವ್ರು ಯಾರರ ಇದ್ರ ಎದ್ದ ನಿಂದರ್ರಿ!"

ಯಾರೂ ಏಳಲಿಲ್ಲ. ಸಿಸ್ಟರ್ ಮೊದಲಿನಿಂದಲೂ ನಿಂತೇ ಇದ್ದುದರಿಂದ ಅವರು ಲೆಕ್ಕಕ್ಕೆ ಬರಲಿಲ್ಲ. ಹುಡುಗಿ ಕಥೆ ಶುರು ಮಾಡಿದಳು. ಆ ದನಿ ಎಷ್ಟಿತ್ತು ಅಂದರೆ, ಹಿಂದಿನ ಬೆಂಚು ಹಾಗಿರಲಿ, ಬೈಕುಲ್ಲಾ ಸ್ಟೇಷನ್ನಿನಿಂದ ಹೊರಡಬೇಕಿದ್ದ ಗಾಡಿ ಕಥೆ ಮುಗಿಯಲಿ ಅಂತ ಅಲ್ಲೇ ಕಾದು ನಿಂತಿತು.

"...ದಾದರ್ ಬಂತ್ರಿ. ಅಜ್ಜಿ ಗಾಡಿ ಇಳಿಸಿದ್ಲು," ಅನ್ನುವಷ್ಟರಲ್ಲಿ ಮೂರನೇ ಸಾಲಿನಲ್ಲಿ ದಾನವ್ವ ಎದ್ದು ನಿಂತಳು.

ಶಿವಕುಮಾರಿ ಕಥೆಯನ್ನು ಅಲ್ಲಿಗೇ ನಿಲ್ಲಿಸಿದಳು. ಅಜ್ಜಿಯೇ ಸುಳ್ಳು ಅಂದುಬಿಟ್ಟರೆ?

"ಹೇಳಿ ಅಮ್ಮ, ನೀವೇ ಹೇಳಿ," ಎಂದರು ಸಿಸ್ಟರ್.

"ಹುಡುಗಿ ತಪ್ಪ ಹೇಳಾಕತ್ತಾಳ್ರಿ," ಎಂದಳು ದಾನವ್ವ. ಸಿಸ್ಟರ್ ಮುಖ ಅರಳಿತು. "ಬರೇ ದಾದರ್ ತನ್ಕ ಯಾರ್ ಹೊರ್ತಾರ? ದಾದರಿನ್ಯಾಗ ಲೈನ್ ಬದಲ ಮಾಡಿ ಬೊರಿವಲಿ ತನ್ಕ ಹೊತ್ತೀನಿ. ಫಾಸ್ಟ್ ಲೋಕಲ್ ಹಂಗ, ನಡುವ ಎಲ್ಲೂ ನಿಲ್ಲದ! ಅಂಧೇರಿನ್ಯಾಗೂ ಇಳಿಸಿಲ್ಲ!"

ಹಾಲ್ ಎದ್ದು ಕುಣಿಯಿತು. ಫಾದರ್ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡರು.

"ಅಮ್ಮಾ, ಇದೆಲ್ಲ ಆಗುವ ಮಾತಾ?" ಎಂದು ಸಿಸ್ಟರ್ ದನಿ ಏರಿಸಿದರು.

"ನೀವ್ ಆವತ್ತ ಗಾಡಿಯ ಯಾವ ಡಬ್ಬಿಯಾಗ ಇದ್ರಿ?"

ಸಿಸ್ಟರ್ ಸುಳ್ಳಾಡುವವರಲ್ಲ. "ನಾನು ಇರ್ಲಿಲ್ಲ," ಎಂದರು.

"ಕಣ್ಣಲೆ ಕಂಡಿಲ್ಲ ಅಂದಮ್ಯಾಲ ಸುಳ್ಳ ಅಂತ ಸಾಕ್ಷಿ ಹೆಂಗ ಹೇಳ್ತೀರಿ ತಾಯಿ? ಕುಂದರ್ರಿ." ದಾನವ್ವ ಸ್ಟೇಜಿನ ಕಡೆ ತಿರುಗಿದಳು. "ನೀ ಮುಂದ ಹೇಳವ್ವಾ. ದಾದರಿನಿಂದ ಸುರು ಮಾಡು."

ಸಿಸ್ಟರ್ ಸೆರಾಫಿನ್ ಖಾಲಿ ಕುರ್ಚಿ ಎಳೆದುಕೊಂಡು ಕೂತರು. ಶಿವಕುಮಾರಿ ಗಾಡಿಯನ್ನು ಮತ್ತೆ ಅಜ್ಜಿಯ ತಲೆಗೇರಿಸಿದಳು. ಸಮುದ್ರದ ನೀರು ಒಳನುಗ್ಗುವ ಮಾಹಿಮ್ ಖಾಡಿ ಬಂದಾಗ ಅಜ್ಜಿ ಸೀರೆ ಎತ್ತಿಕಟ್ಟಿ ನೀರಿಗಿಳಿದಳು, ಬೊರಿವಲಿ ಮುಟ್ಟುವಾಗ ಒಳಗಿದ್ದವರಿಗೆಲ್ಲ ಒಂದು ನಿದ್ದೆ ಮುಗಿದಿತ್ತು. ಸುಳ್ಳು ಅನ್ನುವ ಮಾತು ಆ ಬಾಯಿಂದ ಕೊನೆಯ ತನಕ ಬರಲಿಲ್ಲ.

ನಂಬಿಕೆ ಬಂತು ತಾನೇ? ಬಾರದವರು ಎದ್ದು ನಿಲ್ಲಿ, ನೋಡೋಣ. ನಿಂತಿರಾ? ಒಳ್ಳೆಯದೇ ಆಯಿತು. ಹೇಗೂ ಎದ್ದಿದ್ದೀರಿ, ಹಾಗೇ ಕೆಳಗಿಳಿದು ಇಲ್ಲಿಗೊಂದು ಕಟಿಂಗ್ ಚಹಾ ಹೇಳಿ ಬನ್ನಿ, ಶುಂಠಿ ಜಾಸ್ತಿ ಹಾಕಿಸಿ. ನಂಬಿ ಕೂತವರು ಸುಮ್ಮನೆ ಕೂತಿರಬೇಕಾಗಿಲ್ಲ, ಬನ್ ಮಸ್ಕಾ ನಿಮ್ಮ ಕಡೆಯಿಂದ.