ನೀರಿನ ಮೇಲಿನ ಗಾಳಿ

ನಮ್ಮೂರಿನ ಸರೋವರ ನವೆಂಬರಿನಲ್ಲಿ ಹೆಪ್ಪುಗಟ್ಟಿ ಬಾಯಿ ಮುಚ್ಚಿತೆಂದರೆ ಮತ್ತೆ ತೆರೆಯುವುದು ಮೇ ತಿಂಗಳಲ್ಲೇ. ಅಲ್ಲಿಯವರೆಗೆ ಮಕ್ಕಳಿಗೆ ಇರುವುದು ಐಸ್ ಹಾಕಿ ಅಂಗಳ, ಇಲ್ಲವೇ ಒಳಾಂಗಣದ ಈಜುಕೊಳ. ಐಲಾ ಹಕಾಲಳ ಮಗಳು ಕೈಸಾಗೆ ಹಾಕಿ ಆಗಿಬರಲಿಲ್ಲ. ಒಣ ಚಳಿಯಲ್ಲಿ ಹತ್ತು ಹೆಜ್ಜೆ ಓಡಿದರೆ ಸಾಕು, ಅವಳ ಎದೆಯೊಳಗೆ ಯಾರೋ ಸಿಳ್ಳೆ ಊದಿದಂತಾಗುತ್ತಿತ್ತು. ಮೂರು ವರ್ಷದವಳಿದ್ದಾಗಿನಿಂದ ಆಸ್ತಮಾ.

"ಈಜೋಕೆ ಸೇರ್ಸಿ. ಬೆಚ್ಚಗಿನ ತೇವದ ಗಾಳಿ, ಎದೆಗೆ ಒಳ್ಳೇದು" ಎಂದಿದ್ದರು ಡಾಕ್ಟರು.

ಅವರ ಮಾತು ಸುಳ್ಳಾಗಲಿಲ್ಲ. ಮೊದಲ ಚಳಿಗಾಲದಲ್ಲಿ ಕೈಸಾ ಮೀನಿನಂತಾದಳು. ಭುಜ ಅಗಲವಾಯಿತು, ಊಟ ಹೆಚ್ಚಿತು, ಉಸಿರು ಕಟ್ಟಿದಾಗ ಬಾಯಿಗೆ ಔಷಧ ಒತ್ತಿಕೊಳ್ಳುವ ಪಫರ್ ಅನ್ನು ಮನೆಯಲ್ಲೇ ಮರೆತುಬರುವಷ್ಟು ಧೈರ್ಯ ಬಂತು. ಐಲಾ ಶಾಲಾ ಬಸ್ಸಿನ ಚಾಲಕಿ, ಗಂಡ ದೂರದ ಗಣಿಯಲ್ಲಿ. ಸಂಜೆಯ ಪಾಳಿ ಮುಗಿಸಿ ಬಂದು ಗ್ಯಾಲರಿಯಲ್ಲಿ ನನ್ನ ಪಕ್ಕ ಕೂತು, ನನ್ನ ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಮಗಳನ್ನು ನೋಡುವುದೇ ಅವಳ ವಿಶ್ರಾಂತಿ. ನನ್ನ ಮಗಳು ಲೆಸ್ಯಾ ಕೂಡ ಅದೇ ತಂಡದಲ್ಲಿದ್ದಳು.

ಗ್ಯಾಲರಿ ಎಂದರೆ ನೀರಿಗಿಂತ ಒಂದು ಮಹಡಿ ಮೇಲೆ, ದಪ್ಪ ಗಾಜಿನ ಹಿಂದೆ. ಕೆಳಗಿನ ಗಾಳಿ ನಮಗೆ ಬರುತ್ತಿರಲಿಲ್ಲ, ಕೆಳಗಿನ ಸದ್ದು ನಮಗೆ ಕೇಳುತ್ತಿರಲಿಲ್ಲ.

ಎರಡನೆಯ ಚಳಿಗಾಲಕ್ಕೆ ಕೊಳದ ಮೇಲ್ವಿಚಾರಕನಾಗಿ ವೆಸ್ ಟುಲಕ್ ಬಂದ. ಕೆಟ್ಟವನಲ್ಲ, ಊರಿನ ದುಡ್ಡನ್ನು ತನ್ನದೇ ಎಂಬಂತೆ ಉಳಿಸುವವನು. "ಹೊರಗಿನ ಗಾಳೀನ ಎಳ್ಕೊಂಡು, ಕಾಯಿಸಿ, ಮತ್ತೆ ಹೊರಗೇ ಊದೋದು! ಊರಿನ ತೆರಿಗೇನ ಚಿಮಣೀಲಿ ಸುಟ್ಟಂಗೆ ಅಲ್ವಾ?" ಎಂದು ಗ್ಯಾಲರಿಗೆ ಬಂದು ನಮಗೇ ಹೇಳಿದ. ಚಾವಣಿಯ ಗಾಳಿಕಿಂಡಿಗಳನ್ನು ಮುಚ್ಚಿಸಿದ್ದ. ಒಳಗಿನ ಬೆಚ್ಚನೆಯ ಗಾಳಿಯೇ ಸುತ್ತಿ ಸುತ್ತಿ ಬರುತ್ತಿತ್ತು. ನಾವೆಲ್ಲ ತಲೆಯಾಡಿಸಿದೆವು.

ಕ್ರಿಸ್‌ಮಸ್ ಹೊತ್ತಿಗೆ ಕಾರು ನಿಲ್ಲಿಸುವ ಜಾಗದಲ್ಲೇ ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯತೊಡಗಿತು. ಮಕ್ಕಳು ಕಣ್ಣು ಕೆಂಪಗೆ ಮಾಡಿಕೊಂಡು ಹೊರಬರುತ್ತಿದ್ದರು. ಹೊಸ ಈಜುಡುಗೆಗಳ ಪಟ್ಟಿ ತಿಂಗಳೊಳಗೆ ಸಡಿಲವಾಗುತ್ತಿತ್ತು. ಹಾರುಹಲಗೆಯ ಸ್ಟೀಲಿನ ತಿರುಪುಗಳಿಂದ ತುಕ್ಕು ಇಳಿದು ಬಿಳಿ ಗೋಡೆಯ ಮೇಲೆ ಕಂದು ಗೆರೆ ಎಳೆದಿತ್ತು. ವಾಪಸು ಮನೆಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ಕೆಮ್ಮು: ಒಬ್ಬರದು ನಿಂತರೆ ಇನ್ನೊಬ್ಬರದು.

"ಈಜುಗಾರರ ಕೆಮ್ಮು ಕಣ್ರೇ, ಅದು ಪದಕ ಇದ್ದಂಗೆ. ನಂಗೆ ಇಪ್ಪತ್ತು ವರ್ಷದಿಂದ ಇದೆ, ನಾನೇನು ಸತ್ತೋದ್ನಾ?" ಎಂದು ಕೋಚ್ ಗ್ಲೆಂಡಾ ನಗುತ್ತಿದ್ದಳು. ನಗು ಮುಗಿಯುವಾಗ ಅವಳಿಗೂ ಕೆಮ್ಮು ಬರುತ್ತಿತ್ತು.

ಐಲಾ ಮಾತ್ರ ಸುಮ್ಮನಿರಲಿಲ್ಲ. "ವಾಸನೆ ವಿಪರೀತ ಆಗಿದೆ ವೆಸ್."

"ವಾಸನೆ ಇದ್ರೇನೇ ನೀರು ಕ್ಲೀನಾಗಿದೆ ಅಂತ ಅರ್ಥ, ತಾಯಿ. ವಾಸನೆ ಬರ್ದೇ ಇದ್ರೆ ಹೆದ್ರು."

ಅವಳ ಸಮಾಧಾನಕ್ಕೆಂದೇ ಇನ್ನಷ್ಟು ಕ್ಲೋರಿನ್ ಹಾಕಿಸಿದ.

ಕೈಸಾ ಕೆಮ್ಮನ್ನು ಅಡಗಿಸಲು ಕಲಿತಳು. ಫೆಬ್ರವರಿಯ ಪಂದ್ಯಕ್ಕೆ ಅವಳು ರಿಲೇ ತಂಡದ ಕೊನೆಯ ಈಜುಗಾರ್ತಿ. ಕೆಮ್ಮುವುದು ಕಂಡರೆ ಅಮ್ಮ ಬಿಡಿಸಿಬಿಡುತ್ತಾಳೆಂಬ ಭಯ. "ಏನೇ, ಎದೆ ಬಿಗೀತಿದ್ಯಾ?" ಎಂದು ಕೇಳಿದರೆ, "ಇಲ್ಲಮ್ಮ, ನೀರು ಕುಡ್ದ್‌ಬಿಟ್ಟೆ ಅಷ್ಟೇ" ಎನ್ನುವಳು. ಆದರೆ ತಿಂಗಳುಗಟ್ಟಲೆ ಬರುತ್ತಿದ್ದ ಪಫರ್ ಈಗ ವಾರಗಳಲ್ಲೇ ಖಾಲಿಯಾಗುತ್ತಿತ್ತು. ಐಲಾ ಅದನ್ನು ಕಿವಿಯ ಹತ್ತಿರ ಅಲುಗಾಡಿಸಿ ನೋಡುವುದನ್ನು ನಾನು ಕಂಡಿದ್ದೆ.

"ಪಂದ್ಯ ಒಂದು ಮುಗೀಲಿ. ಆಮೇಲೆ ಸ್ವಲ್ಪ ದಿನ ಬಿಡಿಸ್ತೀನಿ" ಎಂದಳು.

ಪಂದ್ಯದ ದಿನ ಮೈನಸ್ ಮೂವತ್ತೈದು ಡಿಗ್ರಿ. ಸುತ್ತಲಿನ ಊರುಗಳ ಮಕ್ಕಳೆಲ್ಲ ಬಂದಿದ್ದರು. ನಮ್ಮ ತಂಡವನ್ನು ಐಲಾಳೇ ಬಸ್ಸಿನಲ್ಲಿ ಕರೆತಂದು, ಅಂಥ ಚಳಿಯಲ್ಲಿ ಎಲ್ಲರೂ ಮಾಡುವಂತೆ ಇಂಜಿನ್ ಆರಿಸದೆ ಹೊರಗೆ ನಿಲ್ಲಿಸಿದ್ದಳು. ಬಿಸಿ ಹೊರಹೋಗದಿರಲೆಂದು ವೆಸ್ ಬಾಗಿಲುಗಳ ಅಡಿಗೆ ಟವೆಲ್ ತುರುಕಿಸಿದ್ದ. ಮಕ್ಕಳ ಮೈಯ ಬೆವರು, ಉಗುಳು, ಉಚ್ಚೆ ಎಲ್ಲ ಆ ನೀರಿನಲ್ಲಿ. ಎಲ್ಲರ ಉಸಿರು ಆ ಒಂದೇ ಗಾಳಿಯಲ್ಲಿ. ಮಧ್ಯಾಹ್ನದ ಹೊತ್ತಿಗೆ ನೀರಿನ ಮೇಲೆ ತೆಳು ಮಂಜು ಕೂತಿತ್ತು. ದೊಡ್ಡವರ ಮೊಣಕಾಲಿನವರೆಗೆ ಅಷ್ಟೆ. ಈಜುವ ಮಕ್ಕಳ ಬಾಯಿ ಇದ್ದದ್ದು ಅದರೊಳಗೆ.

ರಿಲೇ ಶುರುವಾಯಿತು. ಕೊಳದ ಅಂಚಿನುದ್ದಕ್ಕೂ ಮಕ್ಕಳು ಬಾಯಿ ತೆರೆದು ಮುಚ್ಚುತ್ತಿದ್ದರು. ಕೂಗಿ ಹುರಿದುಂಬಿಸುತ್ತಿದ್ದಾರೆ ಎಂದುಕೊಂಡು ನಾನೂ ಗಾಜಿನ ಈಚೆ ಚಪ್ಪಾಳೆ ತಟ್ಟಿದೆ.

ಐಲಾ ನನ್ನ ಕೈ ಹಿಡಿದಳು. "ಅವ್ರು ಕೂಗ್ತಿಲ್ಲ ಕಣೇ. ಕೆಮ್ತಿದಾರೆ."

ನೋಡಿದೆ. ಹಳದಿ ಟೋಪಿಯ ಹುಡುಗಿಯೊಬ್ಬಳು ಮೊಣಕಾಲಿನ ನಡುವೆ ತಲೆ ಇಟ್ಟು ಕೂತಿದ್ದಳು. ಇಬ್ಬರು ಗೋಡೆಗೆ ಒರಗಿ ಎದೆ ಹಿಡಿದುಕೊಂಡಿದ್ದರು. ನಮಗೆ ಒಂದು ಸದ್ದೂ ಕೇಳಲಿಲ್ಲ.

ಕೈಸಾ ಕೊನೆಯ ಸುತ್ತು ಮುಗಿಸಿ ಗೋಡೆ ಮುಟ್ಟಿದಳು. ದಡಕ್ಕೆ ಹತ್ತಲಿಲ್ಲ. ಅಂಚು ಹಿಡಿದು ನೇತಾಡಿದಳು, ಭುಜಗಳು ಕಿವಿಯವರೆಗೆ ಏರಿ ಅಲ್ಲೇ ನಿಂತವು.

ನಾವು ಮೆಟ್ಟಿಲಿಳಿದು ಒಳಗೆ ನುಗ್ಗಿದಾಗ ನನ್ನ ಕಣ್ಣು ಉರಿದು ಗಂಟಲು ಕಟ್ಟಿತು. ಗ್ಲೆಂಡಾ ಕೈಸಾಳನ್ನು ಎಳೆದು ಕೂರಿಸಿದ್ದಳು. ಲೆಸ್ಯಾ ಪಫರ್ ತಂದುಕೊಟ್ಟಳು. ಎರಡು ಸಲ ಒತ್ತಿದರು, ಮತ್ತೆ ಎರಡು ಸಲ. ಪ್ರತಿ ಸಲವೂ ಅವಳು ಒಳಗೆಳೆದುಕೊಂಡದ್ದು ಅದೇ ಗಾಳಿಯನ್ನು. ತುಟಿಯ ಬಣ್ಣ ಬದಲಾಗುತ್ತಿತ್ತು.

ಐಲಾ ತನ್ನ ದಪ್ಪ ಕೋಟಿನಲ್ಲಿ ಮಗಳನ್ನು ಸುತ್ತಿ, ಮೂಗು ಬಾಯಿಗೆ ಉಣ್ಣೆಯ ಶಾಲು ಕಟ್ಟಿ ಎತ್ತಿಕೊಂಡಳು. ತುರ್ತು ಬಾಗಿಲ ಬಳಿ ವೆಸ್ ಅಡ್ಡ ನಿಂತ.

"ಹೊರಗೆ ಹೇಗಿದೆ ಗೊತ್ತಾ? ಒದ್ದೆ ಮಗು! ಆಸ್ತಮಾ ಬೇರೆ! ಕೊಂದ್‌ಹಾಕ್ತೀಯಾ?"

ಅವನ ಮಾತಿನಲ್ಲಿ ಅರ್ಥವಿಲ್ಲದೆ ಇರಲಿಲ್ಲ. ಚಳಿಗಾಳಿ ಕೈಸಾಗೆ ಏನು ಮಾಡುತ್ತದೆಂದು ಐಲಾಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಒಂದು ಕ್ಷಣ ಅವಳು ನಿಂತದ್ದನ್ನು ನಾನು ನೋಡಿದೆ. ಆಮೇಲೆ ಹೇಳಿದಳು, "ಅಲ್ಲಿ ಚಳಿ ಇದೆ ವೆಸ್. ಇಲ್ಲಿ ಗಾಳೀನೇ ಇಲ್ಲ. ದಾರಿ ಬಿಡು."

ಭುಜದಿಂದ ಬಾಗಿಲು ಗುದ್ದಿದಳು. ಅಲಾರಂ ಅರಚಿತು. ಹಿಮದ ಮೇಲೆ ಬಸ್ಸಿನವರೆಗೆ ಓಡಿದಳು, ನಾನು ಹಿಂದೆ ಪಫರ್ ಹಿಡಿದು. ಬಸ್ಸಿನೊಳಗೆ ಬೆಚ್ಚಗಿತ್ತು; ಒದ್ದೆ ಬೂಟು, ಕಿತ್ತಳೆ ಸಿಪ್ಪೆಯ ವಾಸನೆ. ಹೀಟರಿನ ಪಕ್ಕ ಮಗಳನ್ನು ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಂಡು ಮತ್ತೆ ಔಷಧ ಕೊಟ್ಟಳು. "ಅಮ್ಮನ್ ಜೊತೆ ಊದು ಚಿನ್ನ. ಮೇಣದ ಬತ್ತಿ ಆರಿಸ್ತೀವಲ್ಲ, ಹಾಗೆ. ಹ್ಞೂಂ. ಇನ್ನೊಂದು ಬತ್ತಿ." ಕೈಸಾಳ ಕಣ್ಣುಗಳು ಅಮ್ಮನ ಮುಖವನ್ನು ಬಿಡಲಿಲ್ಲ. ಎಷ್ಟೋ ಬತ್ತಿಗಳ ನಂತರ ಎದೆಯ ಸಿಳ್ಳೆ ನನಗೆ ಕೇಳಿಸಿತು. ಅಲ್ಲಿಯವರೆಗೆ ಸಿಳ್ಳೆ ಊದುವಷ್ಟು ಗಾಳಿಯೂ ಎದೆಯೊಳಗೆ ಆಡುತ್ತಿರಲಿಲ್ಲ.

ಅಷ್ಟರಲ್ಲಿ ಬಸ್ಸಿನ ಬಾಗಿಲು ಬಡಿದ ಸದ್ದು. ಗ್ಲೆಂಡಾ, ಟವೆಲ್ ಸುತ್ತಿದ ಮಕ್ಕಳನ್ನು ಮುಂದೆ ತಳ್ಳುತ್ತಾ. "ಹತ್ತಿಸ್ಕೊ, ಹತ್ತಿಸ್ಕೊ. ಇನ್ನೂ ಇದಾರೆ." ಎಲ್ಲ ಸೀಟುಗಳೂ ತುಂಬಿದವು. ಲೆಸ್ಯಾ ನನ್ನ ಕಾಲ ಬಳಿ ಕುಳಿತು ಕೆಮ್ಮುತ್ತಿದ್ದಳು. ಕೊನೆಯ ಮಗು ಹತ್ತಿದ ಮೇಲೆ ಗ್ಲೆಂಡಾ ಮೆಟ್ಟಿಲ ಮೇಲೇ ಕುಸಿದು ಕೂತಳು, ನಗದೆ ಕೆಮ್ಮಿದಳು.

ಕೈಸಾ ಬದುಕಿದಳು. ನಗರದ ಆಸ್ಪತ್ರೆಯಲ್ಲಿ ವಾರಗಟ್ಟಲೆ ಇದ್ದು ಬಂದಳು. ಅಲ್ಲಿಯ ಡಾಕ್ಟರು ಐಲಾಗೆ ಹೇಳಿದ್ದಿಷ್ಟು: ಈಜು ತಪ್ಪಲ್ಲ, ಕ್ಲೋರಿನ್ ಮೈಯ ಕೊಳೆಯೊಂದಿಗೆ ಸೇರಿ ಎದೆಯನ್ನು ಕೆರಳಿಸುವ ಗಾಳಿಯಾಗುತ್ತದೆ, ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಅದು ನೀರಿನ ಮೇಲೇ ಕೂರುತ್ತದೆ. ಆ ವಾಸನೆ ಸ್ವಚ್ಛತೆಯದಲ್ಲ.

ಊರಿನವರಿಗೆ ಇದು ರುಚಿಸಲಿಲ್ಲ. ಕೊಳ ಮುಚ್ಚಿತ್ತು, ಮಕ್ಕಳು ಮನೆಯಲ್ಲಿ ರಂಪ ಮಾಡುತ್ತಿದ್ದರು. ಅಂಗಡಿಯಲ್ಲಿ ಒಬ್ಬಳು ಐಲಾಳ ಮುಖಕ್ಕೇ ಹೇಳಿದಳು, "ನಿನ್ ಮಗ್ಳಿಗೆ ಮೊದ್ಲೇ ದಮ್ಮಿತ್ತಲ್ಲ. ಅವಳೊಬ್ಳಿಗೋಸ್ಕರ ಎಲ್ರೂ ದಡದಲ್ಲಿ ಕೂರ್ಬೇಕಾ?" ಐಲಾ ಹಾಲಿನ ಡಬ್ಬಿ ಎತ್ತಿಕೊಂಡು ಹೊರಬಂದಳು. ಮೇ ತಿಂಗಳಲ್ಲಿ ಪರೀಕ್ಷಕರು ಬಂದರು. ಅಂದು ಬಿಸಿಲಿತ್ತು, ಎಲ್ಲ ಬಾಗಿಲು ತೆರೆದಿಟ್ಟಿದ್ದರು. ಗಾಳಿ ಚೆನ್ನಾಗಿದೆ ಎಂದು ಹೋದರು.

ಊರ ಸಭೆಯಲ್ಲಿ ಎದ್ದು ನಿಂತವಳು ಗ್ಲೆಂಡಾ. ನಾವು ಯಾರೂ ನಿರೀಕ್ಷಿಸಿರಲಿಲ್ಲ. "ಮಕ್ಳಿಗೆ ಅದು ಪದಕ ಅಂತ ಹೇಳಿದ್ದು ನಾನೇ. ಈಗ ಮಹಡಿ ಹತ್ತೋಕೆ ನಂಗಾಗ್ತಿಲ್ಲ. ಕಿಂಡಿ ತೆಗೀರಿ, ಇಲ್ದಿದ್ರೆ ಕೋಚ್‌ನ ಬೇರೆ ಕಡೆ ಹುಡುಕ್ಕೊಳ್ಳಿ." ಮಾತಿನ ನಡುವೆ ಎರಡು ಸಲ ನಿಲ್ಲಿಸಬೇಕಾಯಿತು. ಸಭೆ ಒಪ್ಪಿತು. ಕಿಂಡಿಗಳು ತೆರೆದವು, ಕೊಳವೂ ತೆರೆಯಿತು.

"ಜನವರಿ ಬರ್ಲಿ, ಕಾಯ್ಸೋ ಬಿಲ್ಲೂ ಬರ್ಲಿ, ಕಿಂಡಿ ಎಷ್ಟು ದಿನ ತೆರೆದಿರುತ್ತೋ ನೋಡೋಣ" ಎಂದ ವೆಸ್, ಜಗಳಕ್ಕಲ್ಲ, ಲೆಕ್ಕ ಹಾಕುವವನಂತೆ.

ಈಗ ಜನವರಿ. ಕೈಸಾ ಬೇಸಿಗೆಯಲ್ಲಿ ಸರೋವರದಲ್ಲಿ ಈಜಿದಳು, ಅರ್ಧ ದಾರಿಗೇ ಉಸಿರು ಸಾಲದೆ ಮಲಗಿ ತೇಲುತ್ತಿದ್ದಳು. ಕೊಳಕ್ಕೆ ಅವಳು ಹೋಗುತ್ತಿಲ್ಲ. ಲೆಸ್ಯಾ ಹೋಗುತ್ತಿದ್ದಾಳೆ, ಹಟ ಹಿಡಿದು. ಅವಳಿಗೆ ಹುಟ್ಟಿನಿಂದ ಯಾವ ದಮ್ಮೂ ಇರಲಿಲ್ಲ. ನಾನೀಗ ಗ್ಯಾಲರಿಯಲ್ಲಿ ಕೂರುವುದಿಲ್ಲ, ಕೆಳಗೆ ನೀರಿನ ಪಕ್ಕದಲ್ಲೇ ಕೂರುತ್ತೇನೆ. ನಿನ್ನೆ ಅವಳು ಗೋಡೆ ಮುಟ್ಟಿ ನನ್ನತ್ತ ನೋಡಿ, ತುಟಿ ಬಿಗಿಹಿಡಿದು, ನೀರಿನೊಳಗೆ ಮುಳುಗಿ ಕೆಮ್ಮಿದಳು.